ಅಕ್ಕನ ಕಣ್ಣು ಮತ್ತು ಜೇಬಿನ ಕ್ಯಾಮೆರಾ

ನಮ್ಮಕ್ಕ ಯಾವ ಫೋಟೋದಲ್ಲೂ ಕಣ್ಣು ತೆರೆದವಳಲ್ಲ. ತನ್ನ ಮದುವೆಯ ಫೋಟೋದಲ್ಲಿ ಭಾವನ ಪಕ್ಕ ನಿಂತೇ ನಿದ್ದೆ ಹೊಡೆಯುತ್ತಿದ್ದಾಳೆ. ಸ್ಟುಡಿಯೋದವ ‘ರೆಡಿ, ಒನ್, ಟೂ’ ಎನ್ನುವಷ್ಟರಲ್ಲಿ ಅವಳ ರೆಪ್ಪೆಗಳು ಫ್ಲ್ಯಾಶಿಗೆ ಹೆದರಿ ಮುಂಚಿತವಾಗಿಯೇ ಬಾಗಿಲು ಹಾಕಿಕೊಳ್ಳುತ್ತಿದ್ದವು. ಹೀಗಾಗಿ ಮಗಳ ಮದುವೆ ಗೊತ್ತಾದಾಗ, ಫೋಟೋದ ಹೊತ್ತಿಗೆ ತಾನು ಅಡುಗೆಯವರ ಕಡೆ ಇರುತ್ತೇನೆಂದು ಹೇಳಿಬಿಟ್ಟಳು. ಬೀಗರ ಮುಂದೆ ನಗೆಪಾಟಲು ಬೇಡವಂತೆ. ಅವ್ವನಿಲ್ಲದ ಮದುವೆ ಫೋಟೋ ಎಂಥದೆಂದು ಮದುಮಗಳು ಮುಖ ಊದಿಸಿಕೊಂಡು ಕೂತಳು.

ಅದೇ ಸುಮಾರಿಗೆ ನನ್ನ ಕೈಯಲ್ಲೊಂದು ಸಣ್ಣ ಡಿಜಿಟಲ್ ಕ್ಯಾಮೆರಾ ಇತ್ತು. ಗಂಗಾವತಿಯ ಪರಿಚಯದ ಅಂಗಡಿಯವರು ಒಂದು ವಾರ ಇಟ್ಟುಕೊಂಡು ನೋಡ್ರಿ, ಮನಸ್ಸಿಗೆ ಬಂದರ ತಗೋರಿ ಎಂದು ಕೊಟ್ಟಿದ್ದರು. ಜೇಬಿನಲ್ಲಿ ಹಿಡಿಸುವ ಗಾತ್ರ, ಒಳಗೆ ಮಾತ್ರ ದೊಡ್ಡ ಕ್ಯಾಮೆರಾದ ಬುದ್ಧಿ. ಮಬ್ಬು ಬೆಳಕಿಗೂ ಒಗ್ಗುವ ಲೆನ್ಸ್, ಕೈಯಾರೆ ತಿರುಗಿಸಿ ಹೊಂದಿಸುವ ಚಕ್ರಗಳು. ನನ್ನಂಥ ಹವ್ಯಾಸಿಗಳಿಗೆಂದೇ ಮಾಡಿದ್ದು. ನನ್ನಂಥ ಹವ್ಯಾಸಿಗಳೆಂದರೆ, ಫೋಟೋ ತೆಗೆಯುವುದಕ್ಕಿಂತ ಕೆಟ್ಟೀತೇನೋ ಎಂದು ಚಿಂತಿಸುವುದರಲ್ಲೇ ಹೆಚ್ಚು ಹೊತ್ತು ಕಳೆಯುವವರು.

ಅಲ್ಲಿಂದ ಕೊಪ್ಪಳದ ಮನೆಗೆ ಬರುವ ಬಸ್ಸಿನಲ್ಲೇ ಚಿಂತೆ ಶುರುವಾಯಿತು. ರೈಸ್‌ಮಿಲ್ಲುಗಳ ತೌಡು ಕಿಟಕಿಯಿಂದ ಹಾರಿಬಂದು ಲೆನ್ಸಿನೊಳಗೆ ಹೊಕ್ಕರೆ? ಕ್ಯಾಮೆರಾವನ್ನು ಕರವಸ್ತ್ರದಲ್ಲಿ ಸುತ್ತಿ ಹಸುಗೂಸಿನಂತೆ ಎದೆಗವಚಿ ಕೂತೆ. ಮನೆಯಲ್ಲಿ ಗೋಡೆ, ಕ್ಯಾಲೆಂಡರು, ಒಣಹಾಕಿದ ಬಟ್ಟೆಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿದೆ. ಚಿತ್ರದ ಮೂಲೆಗಳು ತುಸು ಮಸುಕು. ನಮ್ಮ ಬಿಸಿಲಿನಲ್ಲಿ ಕ್ಯಾಮೆರಾದ ಹಿಂಬದಿಯ ಪರದೆ ಕಾಣದು, ಕಣ್ಣಿಟ್ಟು ನೋಡುವ ಕಿಂಡಿಯೂ ಇಲ್ಲ. ಅಂಗಳದಲ್ಲಿ ತಲೆ ತುಂಬ ಟವೆಲ್ ಹೊದ್ದು ಪರದೆ ನೋಡುತ್ತಿದ್ದ ನನ್ನನ್ನು ಕಂಡು, ನೆಗಡಿಗೆ ಹಬೆ ತಗೊಳ್ಳಾಕತ್ತೀರೇನ್ರಿ ಎಂದು ಹೆಂಡತಿ ಕೇಳಿದಳು. ಇಷ್ಟಾದರೂ ಕೊಳ್ಳಬೇಕೋ ಬೇಡವೋ ತಿಳಿಯಲಿಲ್ಲ. ದಾರಿ ತೋರಿಸಿದವಳೂ ಅವಳೇ.

“ಗ್ವಾಡಿ ಎಲ್ಲಿ ಓಡಿ ಹೋಗತಾವ್ರಿ? ಹನುಮಸಾಗರಕ್ಕ ಹೋಗಿ ನಿಮ್ಮಕ್ಕನ ಕಣ್ಣ ಹಿಡಿತೈತೇನು ನೋಡ್ರಿ.”

ಹೋದೆ. ಅಕ್ಕ ಒಲೆ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಬೆಳಕಿಂಡಿಯಿಂದ ಬೀಳುವ ಪಟ್ಟಿ ಬೆಳಕು, ಅಷ್ಟೆ. ಫ್ಲ್ಯಾಶ್ ಬಂದ್ ಮಾಡಿದ್ದೆ, ಗೆದ್ದೆನೆಂದುಕೊಂಡೆ. ಗುಂಡಿ ಅರ್ಧ ಒತ್ತುತ್ತಲೇ ಲೆನ್ಸಿನ ಪಕ್ಕ ಕಿತ್ತಳೆ ಬಣ್ಣದ ದೀಪವೊಂದು ಫಕ್ಕನೆ ಹೊತ್ತಿತು. ಮಬ್ಬಿನಲ್ಲಿ ಫೋಕಸ್ ಹುಡುಕಲು ಅದಕ್ಕೊಂದು ದೀಪ ಬೇಕಂತೆ. ಅಕ್ಕನ ಕಣ್ಣು ಮುಚ್ಚಿಯೇಬಿಟ್ಟವು.

“ನನ್ನ ಕಣ್ಣ ಫೋಟೋಕ್ಕ ಆಗಿ ಬರಂಗಿಲ್ಲೋ ತಮ್ಮಾ. ಬಿಡು,” ಎಂದಳು. ನಗಲಿಲ್ಲ.

ಆ ‘ಬಿಡು’ ಚುಚ್ಚಿತು. ಮೆನುವಿನಲ್ಲಿ ತಡಕಾಡಿ ಆ ದೀಪವನ್ನೂ ಪೀಪಿ ಸದ್ದನ್ನೂ ಆರಿಸಿದೆ. ಈಗ ಬೇರೆ ಪೀಕಲಾಟ: ರೊಟ್ಟಿ ಬಡಿಯುವವಳು ರೊಟ್ಟಿಯನ್ನೇ ನೋಡುತ್ತಾಳೆ, ಬಾಗಿದ ರೆಪ್ಪೆ ಫೋಟೋದಲ್ಲಿ ಮುಚ್ಚಿದಂತೆಯೇ ಕಾಣುತ್ತದೆ. ಮೇಲೆ ನೋಡು ಎಂದರೆ ಮತ್ತೆ ಸ್ಟುಡಿಯೋ ಆಗುತ್ತದೆ. ಏನೂ ತೋಚದೆ ಕ್ಯಾಮೆರಾ ಮೊಣಕಾಲ ಮೇಲಿಟ್ಟುಕೊಂಡು ನನ್ನ ಚಿಂತೆಗಳನ್ನು ಹೇಳತೊಡಗಿದೆ. ಮೂಲೆ ಮಸುಕಾಗಿವೆ, ತೌಡು ಹೊಕ್ಕರೆ ಏನು ಗತಿ, ವಾಪಸ್ ಕೊಟ್ಟರೆ ಅಂಗಡಿಯವರು ಏನಂದುಕೊಂಡಾರು.

ಅಕ್ಕ ಕೈ ನಿಲ್ಲಿಸಿ ತಲೆ ಎತ್ತಿದಳು. “ಹುಟ್ಟಿದಾಗಿಂದ ನೀ ಹಿಂಗ ನೋಡು. ತೊಟ್ಲಾಗ ಮಲಗಿದ್ರೂ ಹಗ್ಗ ಗಟ್ಟಿ ಐತೋ ಇಲ್ಲೋ ಅಂತ ಮ್ಯಾಲ ನೋಡ್ತಿದ್ದಿ.”

ಬೆರಳು ಒತ್ತಿತು. ಸದ್ದಾಗಲಿಲ್ಲ.

ಚಿತ್ರ ಕಾಳುಕಾಳಾಗಿತ್ತು, ವಾಲಿತ್ತು. ಆದರೆ ಎರಡೂ ಕಣ್ಣು ತೆರೆದಿದ್ದವು, ನನ್ನನ್ನು ಹಂಗಿಸುತ್ತ. ಅಕ್ಕ ಹಿಟ್ಟಿನ ಕೈ ಒರೆಸಿಕೊಂಡು ಪರದೆಯನ್ನು ಬಹಳ ಹೊತ್ತು ನೋಡಿದಳು. ಕನ್ನಡಿಯಲ್ಲಿ ಯಾರೂ ತಮಗೆ ತಾವೇ ಬೈದುಕೊಳ್ಳುವುದಿಲ್ಲವಲ್ಲ, ಬೈಯುವಾಗಿನ ತನ್ನ ಕಣ್ಣು ಅವಳು ಕಂಡೇ ಇರಲಿಲ್ಲ.

“ಅವ್ವ ಹಿಂಗ ನೋಡ್ತಿದ್ಲಲ್ಲೋ,” ಎಂದಳು ಮೆಲ್ಲಗೆ. ಆಮೇಲೆ, ರೊಟ್ಟಿ ಕಡೆ ತಿರುಗಿ, “ಮದುವ್ಯಾಗ ಇದನ್ನ ತರ್ತೀಯೇನು?”

ಮೂಲೆಗಳ ಮಾತೆತ್ತದೆ ಕ್ಯಾಮೆರಾ ಕೊಂಡೆ.

ಮದುವೆ ವರನ ಊರಾದ ತಳಕಲ್‌ನಲ್ಲಿ. ಹಂದರದ ಕೆಳಗೆ ಬೀಗರು ಕರೆಸಿದ ಫೋಟೋದವನು ದೊಡ್ಡ ಕ್ಯಾಮೆರಾ ಹಿಡಿದು ‘ಒನ್, ಟೂ’ ಎಣಿಸುತ್ತಿದ್ದ. ಅಕ್ಕ ಮಗಳ ಪಕ್ಕ ಬಂದು ನಿಂತಳು. ಹಂದರದ ಅಂಚಿನ ಬಿಸಿಲಲ್ಲಿ ನಿಂತ ನನಗೆ ಪರದೆ ಕಾಣದೆ, ಅದೇ ಗಡಿಬಿಡಿಯಲ್ಲಿ ಅಂಗಳದ ಹಳೆಯ ಉಪಾಯಕ್ಕೇ ಶರಣಾಗಿ ಟವೆಲ್ ಹೊದ್ದೆ. ನನ್ನ ಫೋಟೋದಲ್ಲಿ ಅರ್ಧ ಭಾಗ ಟವೆಲಿನ ಅಂಚೇ ಬಂದಿದೆ.

ಬೀಗರ ಆಲ್ಬಮ್ಮಿನಲ್ಲಿರುವ ಅದೇ ಗಳಿಗೆಯ ಫೋಟೋ ಮಾತ್ರ ಛಲೋ ಬಂದಿದೆ. ಎಲ್ಲರೂ ನೇರಕ್ಕೆ ನೋಡುತ್ತಿದ್ದಾರೆ. ಅಕ್ಕನೊಬ್ಬಳೇ ಪಕ್ಕಕ್ಕೆ, ನನ್ನ ಕಡೆ ತಿರುಗಿದ್ದಾಳೆ. ಬಾಯಿ ತುಸು ತೆರೆದಿದೆ, ಕಣ್ಣು ಪೂರ್ತಿ. ಆಗ ಅವಳು ಹೇಳುತ್ತಿದ್ದದ್ದು ಇಷ್ಟೇ:

“ಟವೆಲ್ ತಗಿಯೋ, ಬೀಗರು ನೋಡಾಕತ್ತಾರ.”