ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಆ ಭಾನುವಾರವೂ ಎಂದಿನಂತೆ ಅಂಗಳಕ್ಕೆ ನೀರು ಹೊಡೆದು, ಹಾಲು ಕಾಯಿಸಿ, ರೊಟ್ಟಿ ಬಡಿಯಲು ಕುಳಿತೆ. ಪುಂಡಿಪಲ್ಯದ ಒಗ್ಗರಣೆಗೆ ಬೆಳ್ಳುಳ್ಳಿ ತುಸು ಹೆಚ್ಚೇ ಹಾಕಿದೆ. ತಮ್ಮನಿಗೆ ಹಾಗೇ ಬೇಕು. ಅವನು ಲಿಂಗಸುಗೂರಿನ ವ್ಯಸನಮುಕ್ತಿ ಕೇಂದ್ರದಲ್ಲಿದ್ದ. ಸುಧಾರಿಸಿದ್ದಾನೆ, ಈ ವಾರ ಅವನು ಹೂಂ ಎಂದರೆ ಕರೆದುಕೊಂಡು ಹೋಗಿ ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದ್ದರು. ಹಿಂದಿನ ದಿನವೇ ಅವನ ಚಾದರ ಒಗೆದಿದ್ದೆ. ಕಿತ್ತುಹೋಗಿದ್ದ ಅವನ ಚಪ್ಪಲಿಯನ್ನು ಬಸ್‌ಸ್ಟ್ಯಾಂಡಿನ ಎದುರು ರಿಪೇರಿ ಮಾಡಿಸಿದ್ದೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ಪ್ರಾರ್ಥನೆಗೆ ಮುಂಚೆ ನಮ್ಮ ಬೂಟು ನೋಡುತ್ತಿದ್ದರು. ಕಾಲಲ್ಲಿ ನೆಟ್ಟಗಿನದು ಇರಬೇಕೆಂಬ ಆ ಅಭ್ಯಾಸ ನನ್ನಲ್ಲಿ ಇನ್ನೂ ಉಳಿದಿದೆ. ರೊಟ್ಟಿಗೆ ತಾಗದಿರಲೆಂದು ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಬಿಗಿಯಾಗಿ ಗಂಟು ಹಾಕಿದೆ.

ಸಿಂಧನೂರಿನಿಂದ ಹೊರಟ ಬಸ್ಸು ಮಸ್ಕಿಯಲ್ಲಿ ನಿಂತಾಗ ತಮ್ಮ ಕೆಲಸ ಮಾಡುತ್ತಿದ್ದ ಪಂಕ್ಚರ್ ಅಂಗಡಿ ಕಿಟಕಿಯಿಂದ ಕಾಣುತ್ತದೆ. ಟ್ಯೂಬಿಗೆ ತೇಪೆ ಅಂಟಿಸುವ ಸಲ್ಯೂಷನ್ನಿನ ವಾಸನೆ ಎಳೆಯುವ ಚಟ ಹತ್ತಿದ್ದು ಅಲ್ಲಿಯೇ. ಅದಕ್ಕೂ ಮುಂಚೆ ಅವನ ಅಂಗಿಗೆ ಬಿಸಿಲಿನ, ಬೆವರಿನ ವಾಸನೆ ಇರುತ್ತಿತ್ತು. ಅವನ ಬಟ್ಟೆ ಬಕೆಟ್ಟಿಗೆ ಹಾಕುವಾಗ ಈಗಲೂ ಅದನ್ನೇ ಹುಡುಕುತ್ತೇನೆ.

ಕೇಂದ್ರದ ಗೇಟಿನಲ್ಲಿ ಕೂರುವವನು ನಾವು ತಂದದ್ದನ್ನೆಲ್ಲ ಮೂಸಿ ನೋಡಿಯೇ ಒಳಗೆ ಬಿಡುವುದು. ಬಾಮು, ಸೆಂಟು ಯಾವುದಕ್ಕೂ ಒಳಗೆ ದಾರಿಯಿಲ್ಲ. ಅವತ್ತು ಅವನು ಟವೆಲಿನಿಂದ ಮೂಗು ಒರೆಸಿಕೊಳ್ಳುತ್ತಿದ್ದ.

"ನೆಗಡಿ ಆಗೇತ್ರಿ ಅಕ್ಕಾರ, ಇವತ್ತ ಮೂಗಿಗೆ ರಜಾ. ಪುಂಡಿಪಲ್ಯ ತಂದೀರಿಲ್ಲೋ? ನನಗೂ ಒಂದ್ ರೊಟ್ಟಿ ತೆಗದಿಡ್ರಿ."

ಚೀಲ ತಡವಿ ನೋಡಿ ಒಳಗೆ ಬಿಟ್ಟ.

ತಮ್ಮ ವರಾಂಡದ ಬೆಂಚಿನ ಮೇಲೆ ಕಾಯುತ್ತಿದ್ದ. ಗಲ್ಲ ತುಂಬಿಕೊಂಡಿತ್ತು.

"ನನ್ನ ಚಾದರ ಒಗದಿಯಿಲ್ಲಬೇ ಅಕ್ಕಾ?"

"ಒಗದೀನಿ. ಬಂದು ಮತ್ತ ಹೊಲಸ ಮಾಡು."

ನಗುತ್ತಲೇ ಪ್ಲಾಸ್ಟಿಕ್ ಚೀಲದ ಗಂಟು ಬಿಚ್ಚಿದ. ನಗು ಅಲ್ಲೇ ನಿಂತಿತು. ಮುಖ ಚೀಲದ ಕಡೆ ಬಾಗಿತು. ಆಗ ನನ್ನ ಮೂಗಿಗೂ ಬಡಿಯಿತು: ಹಸಿ ಅಂಟಿನ ಘಾಟು, ದಾರಿಯುದ್ದಕ್ಕೂ ಗಂಟಿನೊಳಗೆ ಕಟ್ಟಿಟ್ಟದ್ದು. ಚಪ್ಪಲಿಯ ಅಟ್ಟೆ ಯಾವುದರಿಂದ ಅಂಟುತ್ತದೆಂದು ನಾನು ಯೋಚಿಸಿಯೇ ಇರಲಿಲ್ಲ. ನಾನು ಕೈ ಚಾಚುವಷ್ಟರಲ್ಲಿ ಅವನೇ ಮುಖ ಹೊರಳಿಸಿ, ಮತ್ತೆ ಗಂಟು ಹಾಕಿ ನನ್ನ ಕಡೆ ತಳ್ಳಿದ.

"ಲಗೂನ ಒಯ್ಯಿ ಇದನ್ನ."

"ನನಗ ತಿಳೀಲಿಲ್ಲೋ ತಮ್ಮಾ..."

"ನಿನ್ನ ಮ್ಯಾಲ ಸಿಟ್ಟಿಲ್ಲಬೇ. ಆದ್ರ ನಾ ಇವತ್ತ ಬರಂಗಿಲ್ಲ. ಬಸ್ ಮಸ್ಕ್ಯಾಗ ನಿಂತ್ರ ಇಳದಬಿಡ್ತೀನಿ."

ಆಮೇಲೆ ತಲೆ ತಗ್ಗಿಸಿ ರೊಟ್ಟಿ ತಿಂದ. ಬೆಳ್ಳುಳ್ಳಿ ಸರಿಯಾಗಿದೆ ಎಂದಷ್ಟೇ ಹೇಳಿದ.

ಬರುವಾಗ ನನ್ನ ಪಕ್ಕದ ಸೀಟಿನಲ್ಲಿ ಬೇರೆ ಯಾರೋ ಕುಳಿತರು. ಮನೆಗೆ ಬಂದು, ಮಡಿಚಿಟ್ಟ ಚಾದರವನ್ನು ಅವನ ಹಾಸಿಗೆಯ ಮೇಲೆ ಹಾಗೆಯೇ ಬಿಟ್ಟೆ. ಘಾಟು ಹೋಗಲೆಂದು ಚಪ್ಪಲಿಯನ್ನು ಬಾಗಿಲ ಹೊರಗೆ ಗಾಳಿಗಿಟ್ಟೆ. ಬಿಟ್ಟು ಒಳಗೆ ಹೋದವರ ಚಪ್ಪಲಿಯ ಹಾಗೆ ಅವು ಮನೆಯ ಕಡೆ ಮುಖ ಮಾಡಿದ್ದವು.

ಸಂಜೆ ಗಿರಣಿಯಿಂದ ಹಿಟ್ಟಿನ ಡಬ್ಬಿ ಹೊತ್ತು ಬರುತ್ತಿದ್ದ ಪಕ್ಕದ ಮನೆಯಾಕೆ ಅವನ್ನು ಕಂಡು, ನಿಲ್ಲದೆ ನಡೆಯುತ್ತಲೇ ಅಂದಳು:

"ತಮ್ಮ ಬಂದಾನಲ್ಲಕ್ಕಾ! ಬಾಗಲದಾಗ ಚಪ್ಪಲಿ ನೋಡಿದ್ನಿ."