ಲಾಕಿನ ತಳದಲ್ಲಿ ನಮ್ಮೂರ ಗೌಡ

ಬೆಜವಾಡಕ್ಕೆ ಬಂದಿಳಿದ ಮೊದಲ ದಿನವೇ ನಾನು ಮುಳುಗದ ದೋಣಿಯೊಂದನ್ನು ಉಳಿಸಲು ನೀರಿಗೆ ಹಾರಿದೆ. ಕಲ್ಲಿನ ಎರಡು ಗೋಡೆಗಳ ನಡುವೆ ಮೆಣಸಿನಕಾಯಿ ಚೀಲ ಹೇರಿದ ದೊಡ್ಡ ದೋಣಿ ನಿಂತಿತ್ತು. ನೋಡನೋಡುತ್ತಲೇ ಅದು ಕೆಳಗಿಳಿಯತೊಡಗಿತು. ಮೊದಲು ಚೀಲಗಳು ಮರೆಯಾದವು, ಆಮೇಲೆ ಅಂಬಿಗನ ಎದೆ, ಕೊನೆಗೆ ಅವನ ರುಮಾಲು. ಭೀಮಾ ಹೊಳೆಯಲ್ಲಿ ಹರಿಗೋಲು ಹಾಕುವ ಮನೆತನದವನು ನಾನು. ದೋಣಿ ಇಳಿಯಿತೆಂದರೆ ಮುಳುಗಿತು ಎಂದಷ್ಟೇ ನನಗೆ ಗೊತ್ತು. ಧೋತರ ಬಿಚ್ಚಿ ಎಸೆದು, "ಹಗ್ಗ ಒಗೀರಿ!" ಎಂದು ಕೂಗುತ್ತ ಧುಮುಕಿದೆ. ದೋಣಿಯವರು ಬಿದ್ದು ಬಿದ್ದು ನಕ್ಕರು.

ಮೇಲಿನಿಂದ ಅಪ್ಪ ಬಗ್ಗಿ ನೋಡಿ, "ದೋಣಿ ಮುಳುಗಿಲ್ಲಲೇ ಭೀಮಶಾ, ನೀರೇ ಇಳ್ಯಾಕತ್ತದ. ಮ್ಯಾಲ ಬಾ," ಎಂದ. ಅವನ ಮುಖದಲ್ಲೂ ಗಾಬರಿ ಇನ್ನೂ ಆರಿರಲಿಲ್ಲ.

ಇದಕ್ಕೆ ಇಲ್ಲಿಯವರು ಲಾಕು ಎನ್ನುತ್ತಾರೆ. ಕೃಷ್ಣೆಗೆ ಅಡ್ಡಲಾಗಿ ಕಲ್ಲಿನ ಆನಕಟ್ಟು ಇದೆ. ಅದರ ಬದಿಯಿಂದ ಸಮುದ್ರದ ಕಡೆಗೆ ಕಾಲುವೆ ಹೊರಡುತ್ತದೆ. ಹೊಳೆಯ ನೀರು ಎತ್ತರ, ಕಾಲುವೆಯ ನೀರು ತಗ್ಗು. ಎರಡರ ನಡುವಿನ ಕಲ್ಲಿನ ಕೋಣೆಗೆ ಎರಡು ಬಾಗಿಲು. ಹೊಳೆಯಿಂದ ಬಂದ ದೋಣಿಯನ್ನು ಒಳಗೆ ಬಿಟ್ಟುಕೊಂಡು ಮೇಲಿನ ಬಾಗಿಲು ಮುಚ್ಚುತ್ತಾರೆ. ನೀರನ್ನು ಹೊರಗೆ ಬಿಟ್ಟು, ಕಾಲುವೆಯ ಮಟ್ಟಕ್ಕೆ ಸಮವಾದ ಮೇಲೆ ಕೆಳಗಿನ ಬಾಗಿಲು ತೆರೆಯುತ್ತಾರೆ. ಅಲ್ಲಿಯವರೆಗೆ ಒಳಗಿದ್ದವನು ಯಾರೇ ಆಗಿರಲಿ, ಪಾಚಿಗಟ್ಟಿದ ಗೋಡೆ ನೋಡುತ್ತ ಕೂತಿರಬೇಕು. ಈ ಮಾತನ್ನು ನೆನಪಿಟ್ಟುಕೊಳ್ಳಿ.

ನಾವು ಊರು ಬಿಟ್ಟ ಕಥೆಯನ್ನು ಅಫಜಲಪುರದ ಹೊಳೆದಂಡೆಯವರು ತಮಗೆ ಬೇಕಾದಂತೆ ಹೇಳುತ್ತಾರಂತೆ. ನಿಂಗಪ್ಪ ಅಂಬಿಗ ಗೌಡರ ಹರಿಗೋಲು ಹರಿದು ಓಡಿಹೋದ, ಎಂದು. ಅಪ್ಪ ಹರಿದದ್ದು ನಿಜ. ಯಾಕೆ ಎಂದು ನಾನು ಹೇಳುತ್ತೇನೆ. ಗೌಡನಿಗೆ ಬಾಯಲ್ಲಿ ಬಹುವಚನ ಕೊಟ್ಟದ್ದು ಸಾಕು, ಬರಹದಲ್ಲಿ ಕೊಡುವುದಿಲ್ಲ.

ನಮ್ಮ ಕಡವಿನಲ್ಲಿ ಒಂದು ಪದ್ಧತಿ ಇತ್ತು. ಗೌಡ ಹೊಳೆ ದಾಟುತ್ತಾನೆಂದು ಹೇಳಿಕಳಿಸಿದರೆ ಅವನು ಬರುವ ತನಕ ಹರಿಗೋಲು ದಡಕ್ಕೆ ಕಟ್ಟಿರಬೇಕು, ಬೇರೆ ಯಾರನ್ನೂ ಹತ್ತಿಸುವಂತಿಲ್ಲ. ಅಂಥದೇ ಒಂದು ದಿನ ಕಟ್ಟಿಗೆ ಆರಿಸಲು ಹೋದ ಅವ್ವನಿಗೆ ಹಾವು ಕಚ್ಚಿತು. ಅವ್ವ ಆಳಂದದ ಕಡೆಯ ಸರಸಂಬಾದ ಮಗಳು, ಹೊಳೆಯೆಂದರೆ ಹೆದರುತ್ತಿದ್ದಳು. ಹಾವಿನ ಔಷಧಿ ಕೊಡುವ ಹಕೀಮ ಇದ್ದದ್ದು ಆಚೆ ದಡದ ಜೇವರ್ಗಿ ಸೀಮೆಯಲ್ಲಿ. ಅವಳನ್ನು ಹೊತ್ತುಕೊಂಡು ಬಂದಾಗ ಗೌಡನ ಕಾವಲಾಳು ವಾಲೀಕಾರ ಹಗ್ಗದ ಮೇಲೆ ಕಾಲಿಟ್ಟು ನಿಂತಿದ್ದ. ಬಿಚ್ಚಹೋದ ನನ್ನ ಬೆನ್ನಿಗೆ ಬಡಿಗೆ ಬಿತ್ತು. ಆದರೂ ವಾಲೀಕಾರ ಗೌಡನ ವಾಡೆಗೆ ಓಡಿ ಕೇಳಿಕೊಂಡು ಬಂದ.

"ಗೌಡ್ರು ಊಟಕ್ಕ ಕುಂತಾರ. ಹೊಳಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂದರ್ಲಿ ಅಂದಾರ."

ದಡದಲ್ಲಿದ್ದ ಹನಮಪ್ಪನ ಕಟ್ಟೆಗೆ ಒರಗಿಕೊಂಡೇ ಅವ್ವ ತೀರಿಕೊಂಡಳು. ಗೌಡ ಎಲೆ ಅಡಿಕೆ ಹಾಕಿಕೊಂಡು ಬಂದು, ಹೆಣ ನೋಡಿ, ಶಕುನ ಚೆನ್ನಾಗಿಲ್ಲವೆಂದು ಮನೆಗೆ ತಿರುಗಿ ಹೋದ. ಅಂದು ಸಂಜೆ ಅದೇ ದಡದಲ್ಲಿ ಅವ್ವನನ್ನು ಸುಟ್ಟು, ಬೂದಿಯನ್ನು ಭೀಮೆಗೆ ಬಿಟ್ಟೆವು. ಅಪ್ಪ ಕುಡುಗೋಲು ತೆಗೆದುಕೊಂಡು ಹರಿಗೋಲಿನ ಚರ್ಮವನ್ನು ಈ ತುದಿಯಿಂದ ಆ ತುದಿಗೆ ಸೀಳಿದ. ತನ್ನ ಕೈಯಿಂದಲೇ ಹೊಲಿದ ಚರ್ಮ ಅದು. ಬೆಳಗಾಗುವುದರೊಳಗೆ ನಾವು ರೈಲಿನ ದಾರಿ ಹಿಡಿದಿದ್ದೆವು. ಬೆಜವಾಡದ ಆನಕಟ್ಟಿನಲ್ಲಿ ಕಲ್ಲು ಕೆಲಸಕ್ಕಿದ್ದ ಸೋದರಮಾವನೊಬ್ಬನೇ ನಮಗಿದ್ದ ದಿಕ್ಕು.

ಮಾವ ನಮ್ಮನ್ನು ಲಾಕಿನ ಮೇಸ್ತ್ರಿ ಎಂಕನ್ನನ ಕೈಗೆ ಒಪ್ಪಿಸಿ, ಸ್ವಲ್ಪ ದಿನಕ್ಕೆ ಮದ್ರಾಸಿನ ಕಡೆ ಕೆಲಸ ಸಿಕ್ಕಿ ಹೊರಟುಹೋದ. ಮನೆಯೆಂದರೆ ಕಾಲುವೆ ಏರಿಯ ಮೇಲೆ ತಾಳೆಗರಿ ಹೊದಿಸಿದ ಒಂದೇ ಕೋಣೆ. ನಮ್ಮೂರಲ್ಲಿ ಮಾಳಿಗೆಯ ಮೇಲೆ ಮಲಗಿದರೆ ಒಣಗಾಳಿ ಬೀಸುತ್ತಿತ್ತು. ಇಲ್ಲಿ ರುಮಾಲು ಹಿಂಡಿದರೆ ಬೆವರು ಸುರಿಯುತ್ತದೆ. ಮೂರು ಹೊತ್ತೂ ಅನ್ನ. ಅಪ್ಪ ಒಂದು ತಂಬಿಗೆ ನೀರು ಕುಡಿದು, "ಹೊಟ್ಟಿ ತುಂಬ್ತು, ಉಂಡಂಗ ಆಗ್ಲಿಲ್ಲ," ಎನ್ನುತ್ತಿದ್ದ. ಕೊನೆಗೆ ನಾನು ರೈಲಿನ ಹಮಾಲನೊಬ್ಬನನ್ನು ಹಿಡಿದು ಜೋಳ ತರಿಸಿ ರೊಟ್ಟಿ ಬಡಿದೆ. ಸದ್ದು ಕೇಳಿ ಏರಿಯ ಹೆಂಗಸರೆಲ್ಲ ನೋಡಲು ಬಂದರು. ಗಂಡಸು ರೊಟ್ಟಿ ಬಡಿಯುವುದನ್ನು ಕಂಡು ಮೂಗಿನ ಮೇಲೆ ಬೆರಳಿಟ್ಟವರೇ ಆಮೇಲೆ ಗೋಂಗೂರ ಚಟ್ನಿ ಕೊಟ್ಟು ರೊಟ್ಟಿ ಇಸಿದುಕೊಂಡು ಹೋದರು. ಗೋಂಗೂರ ಎಂಬ ಹುಳಿ ಸೊಪ್ಪು ನಮ್ಮ ಪುಂಡಿಪಲ್ಯವೇ. ಅದನ್ನು ಕಂಡ ದಿನ ಅಪ್ಪ ಮೊದಲ ಸಲ ತೃಪ್ತಿಯಾಗಿ ಉಂಡ.

ತೆಲುಗು ಕಲಿಸಿದವನು ಎಂಕನ್ನ. ಅವನ ಅಜ್ಜನ ಕಾಲಕ್ಕೆ ಬಿಳಿ ದೊರೆಯೊಬ್ಬ ಬಂದು, ಎರಡೂ ದಡದ ಗುಡ್ಡ ಒಡೆಸಿ ಆನಕಟ್ಟು ಕಟ್ಟಿಸಿದನಂತೆ. ಕಲ್ಲು ಹೊರಲು ಬಂದವರು ತಿರುಗಿ ಹೋಗಲಿಲ್ಲ. ಬಾಗಿಲು ಕಡೆದ ಸಾಬರ ಬಡಗಿಗಳು, ತಮಿಳು ಕಮ್ಮಾರ, ದೋಣಿಯವರು, ಎಲ್ಲರ ಮಕ್ಕಳು ಮೊಮ್ಮಕ್ಕಳು ಇದೇ ಏರಿಯ ಮೇಲಿದ್ದಾರೆ. ಯಾವ ಊರಿನವನೆಂದು ಕೇಳಿದರೆ ಲಾಕಿನವನು ಎನ್ನುತ್ತಾರೆ. ನಾನೂ ಹಾಗೆ ಹೇಳುವುದನ್ನು ಕಲಿತೆ. ಅಪ್ಪ ಕಲಿಯಲಿಲ್ಲ. ಇಲ್ಲಿ ನೀರಿನ ಮಟ್ಟ ಅಳೆಯಲು ಗೀರು ಹಾಕಿದ ಕಲ್ಲು ನಿಲ್ಲಿಸಿದ್ದಾರೆ. ಅಪ್ಪ ಅದರತ್ತ ತಿರುಗಿಯೂ ನೋಡುತ್ತಿರಲಿಲ್ಲ. ಮಳೆಗಾಲದ ಕೆಂಪು ನೀರು ಬಂದಾಗ ಬೊಗಸೆ ತುಂಬಿಕೊಂಡು, "ಇದು ನಮ್ಮ ಭೀಮಿ ನೀರು. ಅಲ್ಲಿ ಹನಮಪ್ಪನ ಕಟ್ಟಿ ಮುಟ್ಟಿರಬೇಕು," ಎನ್ನುತ್ತಿದ್ದ. ಅದರಲ್ಲಿ ನಿನ್ನ ಅವ್ವನೂ ಇದ್ದಾಳೆ ಎಂದು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಗೊತ್ತಿತ್ತು.

ವರ್ಷಗಳು ಕಳೆದವು. ಕೆಳಗಿನ ಬಾಗಿಲು ನನ್ನ ಕೈಗೆ ಬಂತು. ಹನ್ನೆರಡು ವರ್ಷಕ್ಕೊಮ್ಮೆ ಬರುವ ಕೃಷ್ಣಾ ಪುಷ್ಕರವೂ ಬಂತು. ಪಾಪ ತೊಳೆದುಕೊಳ್ಳಲು ಹೊರಟ ಜನ ಬೆಜವಾಡದಲ್ಲಿ ಮುಳುಗಿ, ಸಮುದ್ರ ಸಂಗಮದ ಸ್ನಾನಕ್ಕೆಂದು ದೋಣಿ ಹತ್ತುತ್ತಿದ್ದರು. ಒಂದು ಮಧ್ಯಾಹ್ನ ಲಾಕಿನೊಳಗೆ ದೋಣಿಯೊಂದು ಇಳಿಯುತ್ತಿದ್ದಾಗ ಅದರೊಳಗಿಂದ ಕನ್ನಡ ಕೇಳಿತು.

"ಲೇ, ಎಷ್ಟೊತ್ತು ಮಾಡ್ತೀಲೇ? ಬಾಗಲಾ ತಗಿ! ಒಳಗ ಯಾರು ಕುಂತಾರ ಗೊತ್ತದೇನ?"

ಸುಳ್ಳು ಹೇಳುವುದಿಲ್ಲ, ಮೊದಲ ಕ್ಷಣ ನನ್ನ ಎದೆ ಖುಷಿಯಿಂದ ಕುಣಿಯಿತು. ಮಾವ ಹೋದ ಮೇಲೆ ಅಪ್ಪನೊಬ್ಬನನ್ನು ಬಿಟ್ಟು ಬೇರೆ ಯಾರ ಬಾಯಲ್ಲೂ ನಮ್ಮ ಮಾತು ಕೇಳಿರಲಿಲ್ಲ. ಬಗ್ಗಿ ನೋಡಿದೆ. ಗೌಡನ ಮೀಸೆ ಬೆಳ್ಳಗಾಗಿತ್ತು, ದನಿ ಮಾತ್ರ ಅದೇ.

"ನೀರು ಸಮ ಆಗಬೇಕ್ರಿ," ಎಂದೆ.

"ಅರೆ, ನಮ್ಮ ಕಡ್ಯಾಂವ! ಯಾವೂರಪಾ ನಿಂದು?"

"ನಿಮ್ಮೂರೇ ರೀ. ನಿಂಗಪ್ಪ ಅಂಬಿಗನ ಮಗ."

ಗೌಡ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದ. ನೀರು ಆಗಲೇ ಸಮವಾಗಿತ್ತು. ದೋಣಿಯವನಿಗೂ ಗೊತ್ತಾಗಿ ತೆಲುಗಿನಲ್ಲಿ ಕೂಗಿದ. ಬಾಗಿಲಿಗೆ ಏನೋ ಸಿಕ್ಕಿಕೊಂಡಿದೆ ಎಂದೆ. ಎಂಕನ್ನ ನನ್ನ ಮುಖ ನೋಡಿದ, ಕೆಳಗಿದ್ದವನನ್ನೂ ನೋಡಿದ. ಅವನಿಗೆ ನಮ್ಮ ಕಥೆ ಗೊತ್ತಿತ್ತು. ಚುಟ್ಟ ಹೊತ್ತಿಸಿಕೊಂಡು ಸುಮ್ಮನೆ ಆಚೆ ನಡೆದ. ನಾನು ಅಪ್ಪನಿಗೆ ಹೇಳಿಕಳಿಸಿದೆ.

ಅಪ್ಪ ಬಂದ. ಕೆಳಗೆ ನೋಡಿದ. ಗುಡಿಸಲಿಗೆ ಹೋಗಿ ರೊಟ್ಟಿಯ ಗಂಟು ತಂದು, ಲಾಕಿನ ಗೋಡೆಯ ಮೇಲೆ ಕಾಲು ಇಳಿಬಿಟ್ಟು ಉಣ್ಣಲು ಕೂತ. ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿದ. ಗೌಡನ ತಲೆಯ ಮೇಲೆ ಬಿಸಿಲು ಸುಡುತ್ತಿತ್ತು.

"ನಿಂಗಪ್ಪಾ, ಪುಣ್ಯಕಾಲ ಮೀರಾಕತ್ತದ. ಬಾಗಲಾ ತಗಿ ಅನ್ನಪಾ," ಎಂದ ಗೌಡ. ನಮ್ಮ ಅಪ್ಪನನ್ನು ಅವನು 'ಅಪಾ' ಅಂದದ್ದು ಅದೇ ಮೊದಲು.

ಅಪ್ಪನ ಬದಲು ನಾನೇ ಹೇಳಿದೆ. "ಅಪ್ಪ ಊಟಕ್ಕ ಕುಂತಾನ್ರಿ. ಹೊಳಿ ಎಲ್ಲಿಗೂ ಓಡಿ ಹೋಗಂಗಿಲ್ಲ, ಕುಂದರ್ರಿ."

ನನ್ನ ಹೊಟ್ಟೆ ತಣ್ಣಗಾಯಿತು. ಈಗಲೂ ನೆನೆದರೆ ತಣ್ಣಗಾಗುತ್ತದೆ. ಓದುವವರು ಬೈದರೆ ಬೈಯಲಿ. ಅಪ್ಪ ಉಂಡು ಮುಗಿಸಿ, ತಂಬಿಗೆಯ ನೀರಿನಲ್ಲಿ ಅಲ್ಲಿಂದಲೇ ಕೈ ತೊಳೆದ. ನೀರು ಗೌಡನ ಮುಂದೆಯೇ ಬಿತ್ತು. ಆಮೇಲೆ ನನ್ನತ್ತ ತಲೆಯಾಡಿಸಿದ.

ಬಾಗಿಲು ತೆರೆದೆ. ದೋಣಿ ಕಾಲುವೆಗೆ ಜಾರಿತು. ಆಗ ಅಪ್ಪ ಥಟ್ಟನೆ ಎದ್ದು ಏರಿಯ ಮೇಲೆ ಅದರ ಜೊತೆಗೇ ಓಡತೊಡಗಿದ.

"ಗೌಡ್ರ! ಈ ವರ್ಷ ಹೊಳಿ ಎಲ್ಲಿ ತನಕ ಬಂದಿತ್ರಿ? ಹನಮಪ್ಪನ ಕಟ್ಟಿ ಮುಟ್ಟಿತೇನ್ರಿ?"

ಗೌಡ ಮುಖ ತಿರುಗಿಸಿ ಕೂತ.

ಹಿಂದಿರುಗುವಾಗ ಅವನು ಇದೇ ಬಾಗಿಲಿಗೆ ಬರಲೇಬೇಕು. ಇನ್ನೊಮ್ಮೆ ಕೂರಿಸಬೇಕೆಂದು ನಾನು ಹಲ್ಲು ಕಡಿದು ಕಾದೆ. ಅಪ್ಪನೂ ದಿನಾ ರುಮಾಲು ಸುತ್ತಿಕೊಂಡು ಬಂದು ಗೋಡೆಯ ಮೇಲೆ ಕೂತ. ಪುಷ್ಕರ ಮುಗಿದ ಮೇಲೆ ದೋಣಿ ಖಾಲಿ ಬಂತು. ಗೌಡ ಕಾಲುವೆಯ ತುದಿಯ ಬಂದರಿನಿಂದಲೇ ರೈಲು ಹತ್ತಿ ಹೋದನೆಂದು ದೋಣಿಯವನು ಹೇಳಿದ.

ಕೆಳಗಿನ ಬಾಗಿಲು ಮುಚ್ಚಿ ಹೊಳೆಯ ನೀರು ಬಿಟ್ಟೆವು. ಖಾಲಿ ದೋಣಿ ಮೆಲ್ಲಗೆ ಮೇಲೇರಿತು. ಅಪ್ಪ ಬಗ್ಗಿ ಅದರೊಳಗೆಲ್ಲ ಒಮ್ಮೆ ನೋಡಿದ.

"ಅವನ್ನ ಅಷ್ಟೊತ್ತು ಕುಂದರ್ಸಿದ್ವಿ," ಎಂದ. "ಹೊಳಿ ಸುದ್ದಿ ಆವಾಗೇ ಕೇಳಬೇಕಿತ್ತಲೇ."