ಜುಮ್ಮೆನ್ನುವ ಕೈಗೆ ಎರಡು ಹೋಳಿನ ಕೀಬೋರ್ಡು

ಕಳೆದ ತಿಂಗಳು ಒಂದು ಸಂಜೆ, ಓಡುತ್ತಿದ್ದ ಮುಂಬಯಿ ಲೋಕಲ್ ಟ್ರೇನಿನ ಬಾಗಿಲಲ್ಲಿ ನಿಂತಿದ್ದಾಗ ನನ್ನ ಬಲಗೈ ಕಂಬ ಬಿಟ್ಟುಬಿಟ್ಟಿತು.

ನಾನು ಬಿಡಲಿಲ್ಲ ನೋಡ್ರಿ. ಕೈ ಬಿಟ್ಟಿತು. ನನ್ನನ್ನು ಒಂದು ಮಾತೂ ಕೇಳದೆ. ಮಹಾಲಕ್ಷ್ಮಿ ಸ್ಟೇಷನ್ ದಾಟಿತ್ತು, ಲೋವರ್ ಪರೇಲ್ ಇನ್ನೂ ಬಂದಿರಲಿಲ್ಲ. ಲೇಡೀಸ್ ಡಬ್ಬಾದ ಅಷ್ಟೂ ಹೆಂಗಸರ ಭಾರ ನನ್ನ ಬೆನ್ನ ಮೇಲಿತ್ತು. ಗಾಡಿ ಒಮ್ಮೆ ಜಗ್ಗಿತು. ಕಂಬ ಹಿಡಿದಿದ್ದೇನೆ ಅಂತಲೇ ತಿಳಿದಿದ್ದೆ. ನೋಡಿದರೆ ಐದೂ ಬೆರಳು ಬಿಚ್ಚಿಕೊಂಡು ಗಾಳಿಯಲ್ಲಿವೆ! ಎಡಗಾಲು ಒಳಗೆ, ಬಲಗಾಲು ಅರ್ಧ ಹೊರಗೆ. ಕೆಳಗೆ ಹಳಿಯ ಕಲ್ಲುಗಳು ಹಿಂದಕ್ಕೆ ಓಡುತ್ತಿದ್ದವು.

ಅಷ್ಟರಲ್ಲಿ ಯಾರೋ ನನ್ನ ತೋಳು ಹಿಡಿದು ಒಳಗೆ ಎಳೆದರು. ಎಂಥಾ ಹಿಡಿತ ಅಂತೀರಿ! ಎಲುಬು ಮುರಿಯಿತೇನೋ ಅನ್ನಿಸಿತು.

"ಏನ್ರೀ ಅಕ್ಕಾರ, ನಿದ್ದಿ ಬಂತೇನು? ಸಾಯಾಕ ಇದೇ ಗಾಡಿ ಬೇಕಾಗಿತ್ತೇನ್ರಿ ನಿಮಗ?"

ಶಾಂತವ್ವ. ವಿಜಯಪುರದ ಕಡೆಯವಳು. ಗ್ರಾಂಟ್ ರೋಡಿನ ಒಂದು ಖಾನಾವಳಿಯಲ್ಲಿ ಜೋಳದ ರೊಟ್ಟಿ ಬಡಿಯುತ್ತಾಳೆ. ಬೆಳಗಿನಿಂದ ಸಂಜೆಯವರೆಗೆ ಅದೊಂದೇ ಕೆಲಸ. ಇಬ್ಬರೂ ಗ್ರಾಂಟ್ ರೋಡಿನಲ್ಲಿ ಹತ್ತಿ ಬೊರಿವಲಿಯಲ್ಲಿ ಇಳಿಯುವವರು. ಮೂರು ವರ್ಷದ ಟ್ರೇನ್ ಸ್ನೇಹ.

"ಹೌದವಾ, ಸ್ವಲ್ಪ ಜೊಂಪು ಹತ್ತಿತ್ತು" ಅಂದೆ.

ಸುಳ್ಳು. ಪೂರ್ತಿ ಎಚ್ಚರದಲ್ಲಿದ್ದೆ. ಮಲಗಿದ್ದದ್ದು ಕೈ ಮಾತ್ರ. ಆದರೆ ಅದನ್ನು ಹೇಳುವುದು ಹೇಗೆ? ಹೇಳಿದರೆ ನಿಜ ಆಗಿಬಿಡುತ್ತದಲ್ಲ!

ಮನೆಗೆ ಬಂದು ತೋಳು ನೋಡಿಕೊಂಡೆ. ನಾಲ್ಕು ಬೆರಳು, ಒಂದು ಹೆಬ್ಬೆರಳು, ಐದೂ ಗುರುತು ನೀಲಿಗಟ್ಟಿದ್ದವು. ಎಂಟು ದಿನ ಉದ್ದ ತೋಳಿನ ಬ್ಲೌಸ್ ಹಾಕಿ ಅಡ್ಡಾಡಿದೆ. ಜೀವ ಉಳಿಸಿದವಳ ಮೇಲೆ ಸಣ್ಣ ಸಿಟ್ಟು ಕೂಡ ಬಂತು ಅಂದರೆ ನಂಬುತ್ತೀರಾ? ಹಿಡಿಯಲಿ, ಬೇಡ ಅನ್ನಲಿಲ್ಲ. ಅಷ್ಟು ಜೋರಾಗಿ ಹಿಡಿಯಬೇಕಿತ್ತೇ?

ಈಗ ನನ್ನ ಕೈಯ ಕಥೆ ಹೇಳಬೇಕು. ಈ ಅಂಕಣ ಓದುವವರಿಗೆ ಗೊತ್ತಿದೆ, ನನ್ನ ಹೊಟ್ಟೆಪಾಡು ಒಬ್ಬ ವಕೀಲರ ಆಫೀಸಿನಲ್ಲಿ ಟೈಪಿಂಗು. ಇಪ್ಪತ್ತಾರು ವರ್ಷ ಆಯಿತು. ಸಾಹೇಬರು ಕೋಣೆಯ ಉದ್ದಕ್ಕೂ ಓಡಾಡುತ್ತ ಹೇಳುತ್ತಾ ಹೋಗುತ್ತಾರೆ. ಬಾಡಿಗೆ ಕರಾರು, ಅಫಿಡವಿಟ್, ನೋಟಿಸು, ಯಾವುದೇ ಇರಲಿ. ಅವರ ಬಾಯಿಯಿಂದ ಬಂದದ್ದು ಅದೇ ಗಳಿಗೆಯಲ್ಲಿ ನನ್ನ ಬೆರಳಿನಿಂದ ಇಳಿಯಬೇಕು. ಅವರು ನಿಲ್ಲುವುದು ಚಹಾ ಬಂದಾಗ ಮಾತ್ರ. (ಚಹಾ ಕುಡಿಯುತ್ತಲೂ ಕೆಲವು ಸಲ ಹೇಳುತ್ತಾರೆ.)

ಮಳೆಗಾಲ ಮುಗಿಯುವ ಹೊತ್ತಿಗೆ ಬಲಗೈಯ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಜುಮ್ ಅನ್ನಲು ಶುರುವಾದವು. ಮೊದಲು ಬೆಳಗ್ಗೆ ಎದ್ದಾಗ. ಆಮೇಲೆ ಮಧ್ಯಾಹ್ನ. ಕೊಡವಿದರೆ ಹೋಗುತ್ತಿತ್ತು. ಬರಬರುತ್ತ ಕೊಡವಿದರೂ ಹೋಗಲಿಲ್ಲ. ಡಾಕ್ಟರ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಿ. ಹೆದರಿಕೆ ಕಣ್ರಿ, ಮತ್ತೇನು? ಡಾಕ್ಟರು "ಎರಡು ತಿಂಗಳು ಟೈಪ್ ಮಾಡಬೇಡಿ" ಅಂದರೆ?

ನಮ್ಮ ಆಫೀಸಿನಲ್ಲಿ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಶಾಲು ಹೊದಿಸುತ್ತಾರೆ. ನನಗಿಂತ ಮೊದಲು ಈ ಕುರ್ಚಿಯಲ್ಲಿ ಪಿಂಟೋ ಮೇಡಂ ಇದ್ದರು. ಅವರ ಕೈ ನಡುಗಲು ಶುರುವಾದ ವರ್ಷವೇ ಒಂದು ಮಧ್ಯಾಹ್ನ ಸಮೋಸ ಬಂತು, ಪೇಢೆ ಬಂತು, ಸಾಹೇಬರು ಎರಡು ಒಳ್ಳೆಯ ಮಾತಾಡಿ ಶಾಲು ಹೊದಿಸಿದರು. ಮೇಡಂ ನಗುತ್ತಲೇ ಇದ್ದರು. ಮರುದಿನ ಆ ಕುರ್ಚಿಯಲ್ಲಿ, ಅಲ್ಲಿಯವರೆಗೆ ಅವರ ಕೈಕೆಳಗಿದ್ದ ನಾನು ಕೂತೆ. ಅವತ್ತಿನಿಂದ ಆಫೀಸಿಗೆ ಸಮೋಸ ಬಂದರೆ ನನ್ನ ಎದೆ ಧಸಕ್ ಅನ್ನುತ್ತದೆ. ಮೇಲಾಗಿ ಸಾಹೇಬರ ಸೋದರಳಿಯ ಆಗಾಗ ಬಂದು, "ಮಾಮಾ, ಈಗ ಮಾತಾಡಿದರೆ ಸಾಕು, ತಾನೇ ಟೈಪ್ ಆಗುತ್ತೆ" ಅಂತ ಮೊಬೈಲ್ ತೋರಿಸಿ ಹೋಗುತ್ತಾನೆ. ಗಂಡ ಹೋಗಿ ಒಂಬತ್ತು ವರ್ಷ. ಮಗಳ ಓದು ಇನ್ನೂ ಮುಗಿದಿಲ್ಲ. ನನ್ನ ಹತ್ತಿರ ಇರುವ ಬಂಡವಾಳ ಈ ಹತ್ತು ಬೆರಳು. ಅದರಲ್ಲಿ ಮೂರು ರಜೆ ಹಾಕಿದರೆ?

ಟ್ರೇನಿನ ಆ ಸಂಜೆಯ ಮೇಲೆ ಸುಮ್ಮನೆ ಕೂರಲು ಆಗಲಿಲ್ಲ. ಮಗಳ ಮುಂದೆ "ಟೈಪ್ ಮಾಡಿ ಕೈ ಸ್ವಲ್ಪ ನೋಯುತ್ತೆ" ಅಂದೆ. ಸ್ವಲ್ಪ!

"ಮಮ್ಮಿ, ಎರ್ಗೊನಾಮಿಕ್ ಕೀಬೋರ್ಡ್ ತಗೋ ನಾ" ಅಂದಳು. ನಮ್ಮ ಮುಂಬಯಿ ಮಕ್ಕಳ ಕನ್ನಡ ಇಷ್ಟೇ, 'ನಾ' ಇಲ್ಲದೆ ಮುಗಿಯುವುದಿಲ್ಲ. "ಅದು ಹಾಥ್‌ಗೆ ಆರಾಮ್ ಕೊಡುತ್ತೆ."

ಮರುದಿನವೇ ಆಫೀಸಿನ ಹತ್ತಿರದ ಕಂಪ್ಯೂಟರ್ ಅಂಗಡಿಗೆ ಹೋದೆ. ಕೀಬೋರ್ಡಿನಲ್ಲಿ ಇಷ್ಟು ಜಾತಿ ಇವೆ ಅಂತ ಯಾರಿಗೆ ಗೊತ್ತಿತ್ತು? ಒಂದು ನಡುವೆ ಉಬ್ಬಿಕೊಂಡಿತ್ತು. ಒಂದಕ್ಕೆ ಮಣಿಕಟ್ಟು ಇಡಲು ಮೆತ್ತನೆಯ ದಿಂಬು. ಕೊನೆಯದು ಪೂರ್ತಿ ಎರಡು ಹೋಳು! ಎಡಗೈಗೆ ಒಂದು, ಬಲಗೈಗೆ ಒಂದು, ನಡುವೆ ಒಂದು ವೈರು. ಹೋಳುಗಳನ್ನು ಭುಜದಷ್ಟು ಅಗಲ ಇಟ್ಟುಕೊಂಡು, ಬೇಕಾದಷ್ಟು ಓರೆ ಮಾಡಿಕೊಂಡು ಟೈಪ್ ಮಾಡಬಹುದು. ಕೈಯಿಟ್ಟು ನೋಡಿದೆ. ಮಣಿಕಟ್ಟು ಸೊಟ್ಟ ಆಗಲಿಲ್ಲ, ಭುಜ ತಾನೇ ಕೆಳಗಿಳಿಯಿತು. ಇಷ್ಟು ವರ್ಷ ಭುಜ ಎತ್ತಿಕೊಂಡೇ ಬದುಕಿದ್ದೆ ಅಂತ ಅವತ್ತು ಗೊತ್ತಾಯಿತು.

"ಕಿಸ್ಕೆ ಲಿಯೇ, ಮ್ಯಾಡಮ್?" ಅಂಗಡಿಯವ ಕೇಳಿದ. ಯಾರಿಗೆ ಅಂತ.

"ಮಗಳಿಗೆ" ಅಂದೆ.

ಅವನು ಯಾರು ನನಗೆ? ನಮ್ಮ ಸಾಹೇಬರಿಗೆ ಅವನಿಂದ ಫೋನು ಹೋಗುತ್ತದೆಯೇ? ಆದರೂ ಬಾಯಿಂದ ಸುಳ್ಳೇ ಬಂತು. ಹೆದರಿದವರಿಗೆ ಎದುರು ಕೂತವರೆಲ್ಲ ಸಾಹೇಬರೇ.

ಇನ್ನು ಅದರ ಜೊತೆ ಬಾಳುವೆ. ಮೊದಲ ದಿನವೇ ಮಾನ ಹೋಯಿತು. ಧಾರವಾಡದ ಟೈಪಿಂಗ್ ಕ್ಲಾಸಿನಲ್ಲಿ ಮಾಸ್ತರರು 'ಬಿ' ಕೀಲಿಯನ್ನು ಎಡಗೈಯಿಂದಲೇ ಒತ್ತಬೇಕು ಅಂತ ಬಡಕೊಂಡಿದ್ದರು. ನಾನು ಕೇಳಿರಲಿಲ್ಲ. ಇಷ್ಟು ವರ್ಷ ಬಲಗೈಯಿಂದಲೇ ಒತ್ತಿಕೊಂಡು ಬಂದೆ. ಹೊಸದರಲ್ಲಿ ಆ ಕೀಲಿ ಎಡ ಹೋಳಿಗೆ ಹೋಗಿದೆ. ನನ್ನ ಬಲದ ತೋರುಬೆರಳು ಹಳೇ ರೂಢಿಯಲ್ಲಿ ಹೋಗಿ ನಡುವಿನ ಖಾಲಿ ಮೇಜನ್ನು ಒತ್ತುತ್ತಿತ್ತು.

ನಗಬೇಡಿ. ನನಗೂ ಮೊದಲು ನಗುವೇ ಬಂದದ್ದು. ಆಮೇಲೆ ನಗು ನಿಂತಿತು. ಯಾಕೆಂದರೆ ಒತ್ತಿದ್ದು ಕೀಲಿಯೋ ಮೇಜೋ ಅಂತ ಬೆರಳಿಗೆ ಗೊತ್ತೇ ಆಗುತ್ತಿರಲಿಲ್ಲ. ಸ್ಕ್ರೀನ್ ನೋಡಿದ ಮೇಲೆ ಗೊತ್ತಾಗುತ್ತಿತ್ತು. ಕಣ್ಣು ಮುಚ್ಚಿ ಮೇಜು ಮುಟ್ಟಿದೆ, ಕೀಲಿ ಮುಟ್ಟಿದೆ, ಸೀರೆಯ ಸೆರಗು ಮುಟ್ಟಿದೆ. ಮೂರೂ ಒಂದೇ. ಆಫೀಸಿನ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟು ಅತ್ತೆ.

ಆದರೆ ನನ್ನ ಜಾಣತನ ಕೇಳಿ. ಎರಡು ಹೋಳಿನ ಕೀಬೋರ್ಡು ಮೇಜಿನ ಮೇಲಿದ್ದರೆ ಸಾಹೇಬರು "ಏನಿದು?" ಅಂತ ಕೇಳದೆ ಇರುತ್ತಾರೆಯೇ? ಅದಕ್ಕೆ ಒಂದು ಉಪಾಯ ಮಾಡಿದೆ. ಅವರು ಕೋರ್ಟಿಗೆ ಹೋದ ಮೇಲೆ ಹೊಸದನ್ನು ತೆಗೆಯುವುದು. ಲಿಫ್ಟಿನ ಸದ್ದು ಕೇಳಿದೊಡನೆ ಅದನ್ನು ಡ್ರಾಯರಿಗೆ ತುರುಕಿ, ಮೇಲೆ ಫೈಲು ಮುಚ್ಚಿ, ಹಳೆಯದನ್ನು ಮುಂದೆ ಎಳೆದುಕೊಳ್ಳುವುದು. ಹೀಗೆ ಮೂರು ವಾರ ನಡೆಸಿದೆ. ಕೈ ಮುರಿಯುವ ಡಿಕ್ಟೇಶನ್ ಎಲ್ಲ ಹಳೇ ಕೀಬೋರ್ಡಿನಲ್ಲಿ. ಎರಡು ಸಾಲಿನ ಈಮೇಲು, ಲಕೋಟೆಯ ಮೇಲಿನ ವಿಳಾಸ, ಇಂಥವೆಲ್ಲ ಹೊಸದರಲ್ಲಿ. ಔಷಧ ತಂದು ಬೀಗ ಹಾಕಿಟ್ಟು, ದಿನಾ ಬೀಗ ಸರಿಯಿದೆಯಾ ಅಂತ ನೋಡಿದ ಹಾಗೆ! ಇಂಥ ಶಾಣ್ಯಾತನ ಇಪ್ಪತ್ತಾರು ವರ್ಷ ನೌಕರಿ ಮಾಡಿದವರಿಗೇ ಬರಬೇಕು.

ಹೋದ ಗುರುವಾರ ಆಫೀಸಿಗೆ ಪೆಸ್ಟ್ ಕಂಟ್ರೋಲಿನವರು ಬರುವವರಿದ್ದರು. ಡ್ರಾಯರ್ ಖಾಲಿ ಮಾಡಿ ಅಂತ ಎಲ್ಲರಿಗೂ ಹೇಳಿದರು. ಕೀಬೋರ್ಡನ್ನು ಟವೆಲ್ಲಿನಲ್ಲಿ ಸುತ್ತಿ, ಚೀಲದಲ್ಲಿ ಹಾಕಿಕೊಂಡು ಗಾಡಿ ಹತ್ತಿದೆ.

ಸಂಜೆಯ ಲೋಕಲ್ಲಿನ ಪದ್ಧತಿ ನಿಮಗೆ ಗೊತ್ತೇ ಇದೆ. ಕೂತವರನ್ನು "ಎಲ್ಲಿ ಇಳಿಯುತ್ತೀರಿ?" ಅಂತ ಕೇಳಿ, ಅವರ ಸೀಟನ್ನು ಮೊದಲೇ ಹೇಳಿಟ್ಟುಕೊಳ್ಳುವುದು. ಅಂಧೇರಿಯಲ್ಲಿ ಶಾಂತವ್ವನಿಗೂ ನನಗೂ ಅಕ್ಕಪಕ್ಕದ ಸೀಟು ಸಿಕ್ಕವು. ಅವಳು ಹಸಿ ಬಟಾಣಿ ತಂದಿದ್ದಳು. ಕೂತ ಕೂಡಲೇ ಒಂದು ಪಾಲು ತನ್ನ ಮಡಿಲಿಗೆ, ಒಂದು ಪಾಲು ನನ್ನ ಮಡಿಲಿಗೆ ಸುರಿದಳು. ಮನೆಗೆ ಮುಟ್ಟುವುದರೊಳಗೆ ಸುಲಿದು ಮುಗಿಸುವುದು ನಮ್ಮ ವಾಡಿಕೆ.

ನನ್ನ ಹೆಬ್ಬೆರಳು ಒತ್ತಿತು, ಬಟಾಣಿಯ ಕಾಯಿ ಬಿಚ್ಚಲಿಲ್ಲ. ಮತ್ತೆ ಒತ್ತಿದೆ. ಕಾಯಿ ಜಾರಿ ಕೆಳಗೆ ಬಿತ್ತು. ಎರಡನೆಯದೂ ಬಿತ್ತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಚೀಲ ಮಗುಚಿ, ಟವೆಲ್ಲಿನಿಂದ ಕೀಬೋರ್ಡಿನ ಒಂದು ಹೋಳು ಹೊರಗೆ ಬಂತು. ಅದರ ಹಿಂದೆ ವೈರು. ವೈರಿನ ಹಿಂದೆ ಇನ್ನೊಂದು ಹೋಳು.

"ಅಯ್ಯ, ಮುರದೇ ಹೋಗೇತಲ್ರಿ! ರಿಪೇರಿಗೆ ಒಯ್ಯಾಕತ್ತೀರೇನು?" ಅಂದಳು ಶಾಂತವ್ವ.

ಏನಾಯಿತೋ ನನಗೆ. "ಅದು ಮುರಿದಿಲ್ಲವಾ, ನನ್ನ ಕೈ ಹೋಗೇದ" ಅಂದುಬಿಟ್ಟೆ. ಒಮ್ಮೆ ಶುರು ಮಾಡಿದ ಮೇಲೆ ನಿಲ್ಲಲಿಲ್ಲ. ಜುಮ್ಮೆನ್ನುವುದು, ಮೇಜಿಗೂ ಕೀಲಿಗೂ ಫರಕು ತಿಳಿಯದ್ದು, ಪಿಂಟೋ ಮೇಡಂ, ಶಾಲು, ಅವತ್ತು ಬಾಗಿಲಲ್ಲಿ ಬಂದದ್ದು ನಿದ್ದೆ ಅಲ್ಲ ಅನ್ನುವುದು, ಎಲ್ಲ ಹೇಳಿದೆ. ಎದುರು ಸೀಟಿನ ಮರಾಠಿ ಹೆಂಗಸರೂ ಮೊಬೈಲ್ ಬಿಟ್ಟು ನನ್ನನ್ನೇ ನೋಡುತ್ತಿದ್ದರು.

ಶಾಂತವ್ವ ಬಟಾಣಿ ಬದಿಗಿಟ್ಟಳು. ಕೀಬೋರ್ಡಿನ ಎರಡೂ ಹೋಳುಗಳನ್ನು ತನ್ನ ಎರಡು ತೊಡೆಯ ಮೇಲೆ ಇಟ್ಟುಕೊಂಡು, ಅಂಗೈ ಊರಿ ಕೂತಳು.

"ಅಕ್ಕಾರ, ರೊಟ್ಟಿ ಬಡಿಯಾಕ ಇಂಥಾದ್ದು ಯಾವ ಅಂಗಡ್ಯಾಗ ಸಿಗತೈತ್ರಿ?"

ನನಗೆ ಅಳುವಿನ ನಡುವೆಯೂ ಜೋರು ನಗು ಬಂತು. ನಕ್ಕು ಅವಳ ಮುಖ ನೋಡಿದೆ. ಅವಳು ನಗುತ್ತಿರಲಿಲ್ಲ.

"ನನಗ ಎರಡ ವರ್ಷದಿಂದ ಹಿಂಗ ಐತ್ರಿ. ಹಂಚು ಮುಟ್ಟಿದ್ರೂ ಸುಡೋದು ತಿಳಿಯಂಗಿಲ್ಲ. ಚರ್ಮದ ವಾಸನಿ ಬಂದ ಮ್ಯಾಲೆ ಕೈ ತಗೀತೀನಿ" ಅಂದು ಅಂಗೈ ತಿರುಗಿಸಿ ತೋರಿಸಿದಳು. ಬೆರಳ ತುದಿಯಲ್ಲೆಲ್ಲ ಸುಟ್ಟ ಕಲೆ. "ಮಾಲಕರಿಗೆ ಹೇಳಿಲ್ಲ. ರೊಟ್ಟಿ ಮಾಡೋ ಮಶೀನ್ ತರತೀನಿ ಅಂತ ಆಗಲೇ ಅನ್ನಾಕತ್ಯಾರ."

"ಮತ್ತೆ ಅವತ್ತು ನನ್ನನ್ನು..." ಅಂದೆ.

"ಅವತ್ತ ನಿಮ್ಮ ತೋಳು ಸಿಕ್ಕೈತೋ ಇಲ್ಲೋ ನನ್ನ ಕೈಗೆ ಗೊತ್ತೇ ಆಗಲಿಲ್ರಿ ಅಕ್ಕಾರ. ಅದಕ್ಕ ಅಷ್ಟು ಜೋರ ಹಿಡಿದೆ."

ಒಂದು ಸತ್ತ ಕೈ ಕಂಬ ಬಿಟ್ಟಿತ್ತು, ಇನ್ನೊಂದು ಸತ್ತ ಕೈ ಅಂದಾಜಿನ ಮೇಲೆ ನನ್ನನ್ನು ಹಿಡಿದಿತ್ತು. ನಾನು ಬದುಕಿದ್ದು ಆ ಅಂದಾಜಿನಿಂದ. ಆ ನೀಲಿ ಗುರುತುಗಳ ಮೇಲೆ ಸಿಟ್ಟು ಮಾಡಿಕೊಂಡಿದ್ದೆನಲ್ಲ ಅಂತ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಭಯವಾಯಿತು. ಈ ಡಬ್ಬಾದಲ್ಲಿ ಕಂಬ ಹಿಡಿದು ನಿಂತ ಇಷ್ಟು ಕೈಗಳಲ್ಲಿ ಎಷ್ಟಕ್ಕೆ ತಾವು ಹಿಡಿದಿದ್ದೇವೆ ಅಂತ ಗೊತ್ತು? ಬಾಗಿಲ ಕಡೆ ನೋಡಲು ಧೈರ್ಯ ಬರಲಿಲ್ಲ.

ಶುಕ್ರವಾರ ಎರಡು ಹೋಳನ್ನೂ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟೆ. ಲಿಫ್ಟಿನ ಸದ್ದಾಯಿತು. ಕೈ ತಾನಾಗಿ ಡ್ರಾಯರಿಗೆ ಹೋಯಿತು, ಬೈದು ಹಿಂದೆ ತಂದೆ. ಸಾಹೇಬರು ಬಂದು ನಿಂತು, "ಏನಿದು?" ಅಂದರು.

"ಕೈ ಜುಮ್ಮೆನ್ನುತ್ತದೆ ಸರ್. ಇದರಲ್ಲಿ ಕೆಲವು ದಿನ ನಿಧಾನ ಆಗುತ್ತದೆ. ನೀವೂ ಸ್ವಲ್ಪ ನಿಧಾನವಾಗಿ ಹೇಳಬೇಕು."

ಅವರು ಕೀಬೋರ್ಡನ್ನು ನೋಡಿದರು. ನನ್ನ ಕೈ ನೋಡಿದರು. "ನೋಡೋಣ" ಅಂದು ಒಳಗೆ ಹೋದರು. 'ನೋಡೋಣ' ಅಂದರೆ ಏನು? ನಾಲ್ಕು ದಿನದಿಂದ ಆ ಮೂರಕ್ಷರವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದೇನೆ. ಡಿಕ್ಟೇಶನ್ ಸ್ವಲ್ಪ ನಿಧಾನವಾಗಿದೆ, ಅದು ನಿಜ. ನಿನ್ನೆ ಆಫೀಸಿಗೆ ಸಮೋಸ ಬಂತು, ಅದೂ ನಿಜ. (ಯಾರದೋ ಹುಟ್ಟುಹಬ್ಬವಂತೆ. ನನ್ನ ಪಾಲಿನದನ್ನು ಕಾಗದದಲ್ಲಿ ಸುತ್ತಿ ಡ್ರಾಯರಿಗೆ ತುರುಕಿದೆ.)

ಶಾಂತವ್ವನೂ ನಾನೂ ಈ ಶನಿವಾರ ಸಯನ್ನಿನ ಆಸ್ಪತ್ರೆಗೆ ಹೋಗುತ್ತಿದ್ದೇವೆ. ಅವಳು ಖಾನಾವಳಿಯಲ್ಲಿ ಇನ್ನೂ ಹೇಳಿಲ್ಲ, ನಂಟರ ಮನೆ ಅಂತ ರಜೆ ಕೇಳಿದ್ದಾಳೆ. ಹೇಳು ಅನ್ನುವ ಧೈರ್ಯ ನನಗಿಲ್ಲ. ನಾನು ಕೇಳುವಷ್ಟು ಕೇಳಿ ನೋಡಿದೆ, ಅವಳ ಕೆಲಸಕ್ಕೆ ಎರಡು ಹೋಳಿನದು ಯಾವ ಅಂಗಡಿಯಲ್ಲೂ ಸಿಗಲಿಲ್ಲ.

ಈ ಕಥೆಯೆಲ್ಲ ಕೇಳಿ ಮಗಳು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ: "ಮಮ್ಮಿ, ನೀವಿಬ್ಬರೂ ಇನ್ನು ಬಾಗಿಲ ಹತ್ತಿರ ನಿಲ್ಲಬಾರದು, ಪ್ರಾಮಿಸ್?" ಪ್ರಾಮಿಸ್ ಅಂದಿದ್ದೇನೆ.

ಆದರೆ ನೀವೇ ಹೇಳಿ, ಸಂಜೆ ಆರರ ಗಾಡಿಗೆ ಗ್ರಾಂಟ್ ರೋಡಿನಲ್ಲಿ ಹತ್ತುವವರಿಗೆ ಬಾಗಿಲು ಬಿಟ್ಟು ಬೇರೆ ಜಾಗ ಎಲ್ಲಿದೆ?